ಮಿಂಚಂಚೆಯ ರಾಶಿಯಲ್ಲಿ ಕಳೆದುಹೋಗುವ ಕಾಯಕ



ಕಳೆದ ವರ್ಷ ಲಗ್ನಗಳ ಕಾಲದಲ್ಲಿ ನಮ್ಮ ಕಚೇರಿಯಿಂದ ಒಂದು ತಪ್ಪು ನಡೆಯಿತು. ಶ್ರೀಮಠದ ಸಮುದಾಯ ಭವನವನ್ನು ಒಂದೇ ದಿನಕ್ಕೆ ಎರಡು ಮನೆತನಗಳಿಗೆ ಕೊಟ್ಟುಬಿಟ್ಟಿದ್ದೆವು. ಒಂದು ಮನೆಯವರು ಸ್ವತಃ ಬಂದು, ಮುಂಗಡ ಕಟ್ಟಿ, ಮೇಜಿನ ಮೇಲಿನ ಡೈರಿಯಲ್ಲಿ ಹೆಸರು ಬರೆಸಿ ಹೋಗಿದ್ದರು. ಇನ್ನೊಂದು ಮನೆಯವರಿಗೆ ಅದಕ್ಕೂ ಮೊದಲೇ ಇಮೇಲ್ ಮೂಲಕ ನಮ್ಮ ಒಪ್ಪಿಗೆ ಹೋಗಿತ್ತು. ಆದರೆ ಆ ದಿನಾಂಕ ಡೈರಿಗೆ ಏರಿರಲಿಲ್ಲ. ಸಂಗತಿ ಬೆಳಕಿಗೆ ಬಂದದ್ದು ಎರಡೂ ಕಡೆ ಲಗ್ನಪತ್ರಿಕೆ ಅಚ್ಚಾದ ಮೇಲೆ. ಹೆಣ್ಣಿನ ತಂದೆಯವರೊಬ್ಬರು ನಮ್ಮೆದುರು ಕುಳಿತು, “ಮಠದ ಮಾತು ಅಂತ ನಂಬಿದ್ದೆವು ಸರ್” ಎಂದಷ್ಟೇ ಹೇಳಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಪೂಜ್ಯ ಶ್ರೀಗಳು ದಾಸೋಹ ಮನೆಯ ಮುಂದಿನ ಅಂಗಳದಲ್ಲಿ ಚಪ್ಪರ ಹಾಕಿಸಿ ಒಂದು ಮದುವೆಯನ್ನು ಅಲ್ಲಿ ನಡೆಸಿಕೊಟ್ಟರು. ಕಾರ್ಯ ಸುಸೂತ್ರವಾಗಿ ನಡೆಯಿತಾದರೂ ತಪ್ಪು ತಪ್ಪೇ.

ಆ ನಂತರ ಕಚೇರಿಯ ಕೆಲಸದ ರೀತಿಯನ್ನು ಬದಲಿಸಿಕೊಂಡೆವು. ಭಕ್ತರಲ್ಲಿ ಅನೇಕರು ಬ್ಯಾಂಕು, ಶಾಲೆ, ಸರ್ಕಾರಿ ಕಚೇರಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವವರು. ನಾವು ಕಲಿತದ್ದು ಅವರಿಗೂ ಉಪಯೋಗವಾದೀತೆಂದು ಇಲ್ಲಿ ವಿವರಿಸುತ್ತಿದ್ದೇವೆ.

ನಮ್ಮ ಮೂಲ ದೋಷವೆಂದರೆ ಇನ್‌ಬಾಕ್ಸನ್ನೇ ಕೆಲಸಗಳ ಪಟ್ಟಿಯೆಂದು ತಿಳಿದದ್ದು. ಇನ್‌ಬಾಕ್ಸ್ ಪತ್ರಗಳು ಬಂದು ಬೀಳುವ ಬಾಗಿಲಷ್ಟೇ. ಹೊಸ ಪತ್ರ ಮೇಲೆ ಕೂರುತ್ತದೆ, ಹಳೆಯದು ಕೆಳಗೆ ಇಳಿಯುತ್ತದೆ. ಯಾವುದು ಮುಖ್ಯವೆಂಬುದು ಅದಕ್ಕೆ ತಿಳಿಯದು. ಜಾಹೀರಾತಿನ ಪತ್ರವೂ ಪ್ರಸಾದ ನಿಲಯದ ಬಡ ವಿದ್ಯಾರ್ಥಿಯ ಅರ್ಜಿಯೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಒಮ್ಮೆ ತೆರೆದು ಓದಿ, “ಆಮೇಲೆ ನೋಡೋಣ” ಎಂದು ಬಿಟ್ಟ ಪತ್ರ ಓದಿದ ಪತ್ರವಾಗಿ ಮಸುಕಾಗಿಬಿಡುತ್ತದೆ. ನಮ್ಮ ಭವನದ ಪತ್ರಕ್ಕೆ ಆದದ್ದೂ ಅದೇ.

ಈಗ ಬೆಳಿಗ್ಗೆ ಹತ್ತೂವರೆಗೆ ಮತ್ತು ಸಂಜೆ ನಾಲ್ಕಕ್ಕೆ, ದಿನಕ್ಕೆ ಎರಡು ಸಲ ಮಾತ್ರ ಅಂಚೆ ತೆರೆಯುತ್ತೇವೆ. ತೆರೆದ ಪತ್ರವನ್ನು ನಿರ್ಣಯವಿಲ್ಲದೆ ಮುಚ್ಚುವಂತಿಲ್ಲ. ಎರಡು ನಿಮಿಷದಲ್ಲಿ ಮುಗಿಯುವುದಾದರೆ ಆಗಲೇ ಮುಗಿಸುವುದು. ಇದು ಡೇವಿಡ್ ಅಲೆನ್ ಎಂಬ ಅಮೆರಿಕದ ಲೇಖಕರು 2001ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಪ್ರಸಿದ್ಧವಾದ ಸೂತ್ರ. ಇಂಥ ದಿನವೇ ಆಗಬೇಕಾದದ್ದು ಕ್ಯಾಲೆಂಡರಿಗೆ ಹೋಗಬೇಕು. ದಿನ ನಿಗದಿಯಿಲ್ಲದ ಕೆಲಸ ಟಾಸ್ಕ್ ಪಟ್ಟಿಗೆ. ಜಿಮೇಲಿನಲ್ಲಿ ಪತ್ರವನ್ನು ತೆರೆದಲ್ಲಿಂದಲೇ ಟಾಸ್ಕ್ ಆಗಿ ಸೇರಿಸಬಹುದು; ಮೂಲ ಪತ್ರದ ಕೊಂಡಿ ಅದರೊಡನೆ ಉಳಿಯುತ್ತದೆ. ಔಟ್‌ಲುಕ್ ಬಳಸುವವರು ಪತ್ರಕ್ಕೆ ಬಾವುಟ ಗುರುತು ಹಾಕಿ ನೆನಪಿನ ದಿನಾಂಕ ಕೊಡಬಹುದು. ಹಾಗೆ ಎತ್ತಿಟ್ಟ ಮೇಲೆ ಪತ್ರವನ್ನು ಆರ್ಕೈವ್ ಮಾಡಿದರೆ ಅದು ಅಳಿಯುವುದಿಲ್ಲ, ಕಣ್ಣ ಮುಂದಿನಿಂದ ಸರಿಯುತ್ತದೆ, ಹುಡುಕಿದಾಗ ಸಿಗುತ್ತದೆ.

ಕ್ಯಾಲೆಂಡರಿನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾದದ್ದು. ಮೊದಲ ಹೆಜ್ಜೆ, ಎಲ್ಲವನ್ನೂ ಒಂದರಲ್ಲೇ ತುಂಬದಿರುವುದು. ಶ್ರೀಗಳ ಪ್ರವಾಸಕ್ಕೆ ಒಂದು, ಭವನಕ್ಕೆ ಒಂದು, ಪ್ರಸಾದ ನಿಲಯ ಮತ್ತು ಶಾಲೆಗೆ ಒಂದು, ಹೀಗೆ ಬೇರೆ ಬೇರೆ ಬಣ್ಣದ ಕ್ಯಾಲೆಂಡರುಗಳನ್ನು ಒಂದೇ ಖಾತೆಯಲ್ಲಿ ಮಾಡಿಕೊಂಡೆವು. ಭವನದ ಕ್ಯಾಲೆಂಡರನ್ನು ನಾಲ್ವರಿಗೆ ಹಂಚಿದ್ದೇವೆ. ತಿದ್ದುವ ಅಧಿಕಾರ ಇಬ್ಬರಿಗೆ, ನೋಡುವ ಅಧಿಕಾರ ಮಾತ್ರ ಉಳಿದಿಬ್ಬರಿಗೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಇಂಥ ಸಾಮಾನ್ಯ ಕ್ಯಾಲೆಂಡರು ಒಂದೇ ದಿನಕ್ಕೆ ಎರಡು ಕಾರ್ಯ ಬರೆದರೆ ತಡೆಯುವುದಿಲ್ಲ, ಎರಡನ್ನೂ ತೋರಿಸಿ ಸುಮ್ಮನಾಗುತ್ತದೆ. ದಿನವಿಡೀ ನಡೆಯುವ ಕಾರ್ಯವೆಂದು ಗುರುತಿಸಿದರೆ ಗೂಗಲ್ ಕ್ಯಾಲೆಂಡರು ಆ ದಿನವನ್ನು ಬಿಡುವೆಂದೇ ಎಣಿಸುತ್ತದೆ. ಬಿಡುವಿಲ್ಲವೆಂದು ನಾವೇ ಬದಲಿಸಬೇಕು. ಆದುದರಿಂದ ಯಂತ್ರದ ಮೇಲೆ ಭಾರ ಹಾಕದೆ ನಮಗೆ ನಾವೇ ಒಂದು ಕಟ್ಟಳೆ ಮಾಡಿಕೊಂಡೆವು: ಮೊದಲು ಕ್ಯಾಲೆಂಡರು ನೋಡಿ ಬರೆಯುವುದು, ಆಮೇಲೆ ಒಪ್ಪಿಗೆ ಕೊಡುವುದು. ಮೇಜಿನ ಡೈರಿಯನ್ನು ನಮ್ಮ ಹಿರಿಯ ಗುಮಾಸ್ತರು ಬಿಡಲೊಪ್ಪಲಿಲ್ಲ. ಇರಲಿ ಎಂದೆವು, ವಿದ್ಯುತ್ತು ಹೋದ ದಿನ ಅದೇ ಗತಿ. ಆದರೆ ಅದೀಗ ಪ್ರತಿ ಸಂಜೆ ಕ್ಯಾಲೆಂಡರು ನೋಡಿ ಬರೆದುಕೊಳ್ಳುವ ನಕಲು, ಪ್ರಮಾಣವಲ್ಲ.

ಪಂಚಾಂಗದ ತೊಡಕನ್ನೂ ಹೇಳಬೇಕು. ಬಸವ ಜಯಂತಿಯನ್ನು ಮೊದಲ ವರ್ಷ ನಾವು “ಪ್ರತಿ ವರ್ಷ ಮರುಕಳಿಸಲಿ” ಎಂದು ಗುರುತಿಸಿ ನಗೆಪಾಟಲಾದೆವು. ಅದು ವೈಶಾಖ ಶುದ್ಧ ತದಿಗೆಯಂದು ಬರುವ ಹಬ್ಬ. 2023ರಲ್ಲಿ ಏಪ್ರಿಲ್ 23ಕ್ಕೆ, 2024ರಲ್ಲಿ ಮೇ 10ಕ್ಕೆ, 2025ರಲ್ಲಿ ಏಪ್ರಿಲ್ 30ಕ್ಕೆ ಬಂದಿತು. ಚಾಂದ್ರಮಾನ ವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು; ಅಧಿಕ ಮಾಸ ಬಂದಾಗ ಹಬ್ಬ ಮತ್ತೆ ಮುಂದಕ್ಕೆ ಹೋಗುತ್ತದೆ. ಆದುದರಿಂದ ತಿಥಿಯನ್ನು ಅನುಸರಿಸುವ ಜಯಂತಿ, ಜಾತ್ರೆ, ಸ್ಮರಣೋತ್ಸವಗಳನ್ನು ಯುಗಾದಿಯ ಹೊತ್ತಿಗೆ ಪಂಚಾಂಗ ಮುಂದಿಟ್ಟುಕೊಂಡು ಒಂದೊಂದಾಗಿ ಬರೆಯುತ್ತೇವೆ.

ಅಮೆರಿಕದಲ್ಲಿರುವ ಭಕ್ತರಿಗಾಗಿ ನಡೆಯುವ ಅಂತರಜಾಲದ ಪ್ರವಚನದಲ್ಲಿ ಇನ್ನೊಂದು ಗೊಂದಲ. ಅಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ನವೆಂಬರಿನ ಮೊದಲ ಭಾನುವಾರ ಹಿಂದಿಡುತ್ತಾರೆ. ನಮ್ಮಲ್ಲಿ ಆ ಪದ್ಧತಿಯಿಲ್ಲ. ಇಲ್ಲಿಯ ಸಂಜೆ 7 ಗಂಟೆಯ ಪ್ರವಚನ ನ್ಯೂಯಾರ್ಕಿನವರಿಗೆ ಬೇಸಿಗೆಯಲ್ಲಿ ಬೆಳಿಗ್ಗೆ 9.30ಕ್ಕೆ, ಚಳಿಗಾಲದಲ್ಲಿ 8.30ಕ್ಕೆ. ಪತ್ರದಲ್ಲಿ ಬರಿದೆ ಸಮಯ ಬರೆದರೆ ಯಾರದೆಂದು ತಿಳಿಯದು. ಭಾರತೀಯ ಕಾಲಮಾನವನ್ನು ನಮೂದಿಸಿ ಕ್ಯಾಲೆಂಡರಿನ ಆಹ್ವಾನವನ್ನೇ ಕಳುಹಿಸಿದರೆ ಅವರವರ ಫೋನಿನಲ್ಲಿ ಅವರವರ ಸಮಯವೇ ಕಾಣುತ್ತದೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ ನಿಮಗೆಲ್ಲ ಗೊತ್ತಿರುವುದೇ. ಅನುಭವ ಗೋಷ್ಠಿಯಲ್ಲಿ ಮೈಮರೆತು ಕುಳಿತ ಪತಿಗೆ ಕಾಯಕದ ವೇಳೆಯಾಯಿತೆಂದು ಎಚ್ಚರಿಸಿದವರು ಲಕ್ಕಮ್ಮ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹಿಂದಕ್ಕೆ ಕಳುಹಿಸಿದವರೂ ಅವರೇ. ಮೊದಲಿನ ಕೆಲಸವನ್ನು ಫೋನಿನ ಗಂಟೆ ಹೇಗೋ ಮಾಡೀತು. ಎರಡನೆಯದು ಕಷ್ಟ. ಟಾಸ್ಕ್ ಪಟ್ಟಿಗೆ ಅಳತೆಯೆಂಬುದಿಲ್ಲ. ನಲವತ್ತು ಕೆಲಸ ಬರೆದರೂ ಹಿಡಿಯುತ್ತದೆ. ಪ್ರತಿ ಕೆಲಸಕ್ಕೂ ಕ್ಯಾಲೆಂಡರಿನಲ್ಲಿ ಗಂಟೆ ಕೊಡಲು ಹೊರಟಾಗ ಮಾತ್ರ ದಿನಕ್ಕೆ ಎಷ್ಟು ಹಿಡಿದೀತೆಂಬುದು ಕಾಣುತ್ತದೆ. ಲೆಕ್ಕಪತ್ರಕ್ಕೆ ಗುರುವಾರ ಎರಡು ಗಂಟೆ ಕಾದಿರಿಸಿದ್ದೇವೆ. ಆ ಹೊತ್ತಿಗೆ ಬೇರೆ ಸಭೆ ಕೇಳಿದವರಿಗೆ ಆಗದೆಂದು ಹೇಳುವುದನ್ನು ನಾವು ಬಹಳ ತಡವಾಗಿ ಕಲಿತೆವು. ಇಷ್ಟೊಂದು ಕಡೆ ನೆನಪಿನ ಗಂಟೆ ಇಟ್ಟು ದಿನವಿಡೀ ಫೋನು ಕಿರುಗುಟ್ಟುವಂತೆ ಮಾಡಿಕೊಂಡವರನ್ನೂ ನೋಡಿದ್ದೇವೆ. ಅವರು ಕೊನೆಗೆ ಯಾವ ಗಂಟೆಗೂ ಕಿವಿಗೊಡುವುದಿಲ್ಲ. ನಿಜಕ್ಕೂ ತಪ್ಪಬಾರದ ಕಾರ್ಯಕ್ಕೆ ಒಂದು ದಿನ ಮುಂಚೆ ಒಮ್ಮೆ, ಒಂದು ಗಂಟೆ ಮುಂಚೆ ಇನ್ನೊಮ್ಮೆ; ಅಷ್ಟು ಸಾಕೆಂದು ನಮ್ಮ ಅಭಿಪ್ರಾಯ.

ಸದ್ಭಕ್ತರಲ್ಲಿ ಒಂದು ವಿನಂತಿ. ಭವನಕ್ಕಾಗಲಿ, ಶ್ರೀಗಳ ಪಾದಪೂಜೆಗಾಗಲಿ ಇಮೇಲ್ ಬರೆಯುವಾಗ ವಿಷಯದ ಸಾಲಿನಲ್ಲೇ ಕಾರ್ಯ, ದಿನಾಂಕ ಮತ್ತು ಊರಿನ ಹೆಸರು ಇರಲಿ. “ನಮಸ್ಕಾರಗಳು” ಎಂಬ ಶೀರ್ಷಿಕೆಯ ಪತ್ರಗಳೇ ನಮ್ಮಲ್ಲಿ ನೂರಾರಿವೆ. ಒಂದು ಪತ್ರದಲ್ಲಿ ಒಂದೇ ವಿಷಯ ಬರೆಯಿರಿ. ನಮ್ಮಿಂದ ಕ್ಯಾಲೆಂಡರಿನ ಆಹ್ವಾನ ಬಂದು ತಲುಪುವವರೆಗೆ ದಯವಿಟ್ಟು ಲಗ್ನಪತ್ರಿಕೆಯನ್ನು ಅಚ್ಚಿಗೆ ಕೊಡಬೇಡಿ. ಇಮೇಲ್ ಇಲ್ಲದವರು ಎಂದಿನಂತೆ ಕಚೇರಿಗೆ ಬರಬಹುದು. ಅವರೆದುರಿನಲ್ಲೇ ಕ್ಯಾಲೆಂಡರಿಗೆ ಬರೆದು ತೋರಿಸುತ್ತೇವೆ.