ಕಾಳಿ ಅಳಿವೆಯಿಂದ ಕೂರ್ಮಗಡಕ್ಕೆ: ಗಾಳಿಯ ವೇಳಾಪಟ್ಟಿ ಓದಿದವರಿಗೆ ಮಾತ್ರ

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಬಿದ್ದ ಮಳೆ ನಾಲೆ ಹಿಡಿದು ಹುಸೇನ್‌ಸಾಗರ ಸೇರುತ್ತದೆ, ಅಲ್ಲಿಂದ ಮೂಸಿ, ಕೃಷ್ಣೆಯರ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರ ಮನಸ್ಸು ಮಾತ್ರ ರಜೆ ಸಿಕ್ಕೊಡನೆ ಪಡುವಣ ಕಡಲಿನತ್ತ ಹರಿಯುತ್ತದೆ. ಗೋವಾಕ್ಕೆಂದು ಹೊರಡುವ ಹೈದರಾಬಾದಿನ ಗೆಳೆಯರಿಗೆ ನಾನು ಹೇಳುವುದು ಇಷ್ಟೆ: ತುಸು ತೆಂಕಕ್ಕೆ ಬನ್ನಿ. ಕಾರವಾರದ ಕಡಲನ್ನು ದಂಡೆಯ ಮೇಲೆ ನಿಂತು ನೋಡಿದರೆ ಸಾಲದು, ಕಯಾಕ್‌ನಲ್ಲಿ ಕುಳಿತು ನೋಡಬೇಕು.

ಬೆಳಕು ಹರಿಯುವ ಹೊತ್ತಿಗೆ ಕೋಡಿಬಾಗದ ಬಳಿ ನೀರಿಗಿಳಿಯುವುದು ಒಳ್ಳೆಯದು. ಡಿಗ್ಗಿಯ ಕಾಡಿನಲ್ಲಿ ಹುಟ್ಟಿ 184 ಕಿ.ಮೀ. ಹರಿದು ಬಂದ ಕಾಳಿ ಇಲ್ಲಿ ಹೊಳೆಯೋ ಕಡಲೋ ತಿಳಿಯದಷ್ಟು ಅಗಲವಾಗಿದ್ದಾಳೆ. ಎದುರು ದಡದಲ್ಲಿ ಸೋಂದೆಯ ಅರಸರ ಸದಾಶಿವಗಡ. ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಸೇತುವೆ. ಅದರ ಪಕ್ಕದಲ್ಲಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ಲಾರಿಯೊಂದಿಗೆ ಹೊಳೆಗೆ ಬಿದ್ದ ಚಾಲಕನನ್ನು ಬದುಕಿಸಿ ಮೇಲೆ ತಂದರು.

ಸೇತುವೆ ದಾಟಿದರೆ ಅಳಿವೆ, ಹೊಳೆ ಕಡಲಿಗೆ ಸೇರುವ ಬಾಯಿ. ಈ ಪಯಣದ ನಿಜವಾದ ಪರೀಕ್ಷೆ ಇರುವುದು ಇಲ್ಲಿಯೇ. ಬೆಳಗಿನ ಜಾವ ಘಟ್ಟದ ಕಡೆಯಿಂದ ತಂಪು ನೆಲಗಾಳಿ ಬೀಸುತ್ತದೆ. ಇಳಿತದ ನೀರೂ ಹೊರಕ್ಕೇ ಸೆಳೆಯುತ್ತಿದ್ದರೆ ಕಯಾಕ್ ತಾನೇ ತಾನಾಗಿ ಮುಂದೆ ಹೋಗುತ್ತದೆ. ಹೊಸಬರಿಗೆ ಇದೇ ಅಪಾಯ: ಸುಲಭವಾಗಿ ಹೊರಟವರು ಎಷ್ಟು ದೂರ ಬಂದೆವೆಂದು ಲೆಕ್ಕ ಹಾಕುವುದಿಲ್ಲ. ಬಿಸಿಲೇರಿ ನೆಲ ಕಾದಂತೆ ಗಾಳಿ ಸತ್ತು, ಮಧ್ಯಾಹ್ನದ ಹೊತ್ತಿಗೆ ಪಡುವಣದಿಂದ ಕಡಲಗಾಳಿ ಏಳುತ್ತದೆ. ಈ ಗಾಳಿ ದಡದತ್ತ ತಳ್ಳುವುದರಿಂದ ಮರಳುವವರಿಗೆ ಬೆನ್ನಿಗಿದ್ದಂತೆ. ಆದರೆ ಅದೇ ಹೊತ್ತಿಗೆ ಇಳಿತವಿದ್ದು ಹೊಳೆಯ ನೀರು ಹೊರಕ್ಕೆ ನುಗ್ಗುತ್ತಿದ್ದರೆ, ನೀರಿಗೂ ಗಾಳಿಗೂ ಅಳಿವೆಯಲ್ಲಿ ಮುಖಾಮುಖಿ. ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಏಳುತ್ತವೆ. ಆದ್ದರಿಂದ ಹೊರಡುವ ಹಿಂದಿನ ಸಂಜೆಯೇ ಭರತ–ಇಳಿತದ ವೇಳೆ ನೋಡಿಟ್ಟುಕೊಂಡು, ಕಡಲಗಾಳಿ ಬಲಿಯುವ ಮೊದಲೇ, ಭರತದ ನೀರಿನೊಂದಿಗೆ ಒಳಬರುವಂತೆ ದಿನವನ್ನು ಹೊಂದಿಸಿಕೊಳ್ಳಬೇಕು.

ಬಲಕ್ಕೆ ದೇವಬಾಗದ ಮರಳ ನಾಲಿಗೆ, ಅದರ ಬೆನ್ನಿಗೆ ಗಾಳಿಮರಗಳ ಸಾಲು. ಈ ಭಾಗದಲ್ಲಿ ಡಾಲ್ಫಿನ್‌ಗಳು ಕಾಣಸಿಗುವುದುಂಟು. ಮೋಟರಿನ ಸದ್ದಿಲ್ಲದ ಕಯಾಕ್‌ನಿಂದ ಅವುಗಳ ಉಸಿರಿನ ಸದ್ದೂ ಕೇಳುತ್ತದೆ. ಕಂಡಾಗ ಹುಟ್ಟು ನಿಲ್ಲಿಸಿ ಸುಮ್ಮನಿರಿ, ಬೆನ್ನಟ್ಟಬೇಡಿ.

ಮುಂದೆ ಕೂರ್ಮಗಡ ದ್ವೀಪ. ಪುಷ್ಯ ಹುಣ್ಣಿಮೆಯಂದು ಇಲ್ಲಿಯ ನರಸಿಂಹನ ಜಾತ್ರೆಗೆ ಸಾವಿರಾರು ಜನ ದೋಣಿಗಳಲ್ಲಿ ಬರುತ್ತಾರೆ, ಉಳಿದ ದಿನಗಳಲ್ಲಿ ದ್ವೀಪಕ್ಕೆ ಗಾಳಿಯೇ ಒಡೆಯ. ನೆಲದತ್ತ ಮುಖ ಮಾಡಿದ ಬದಿಯಲ್ಲಿ ನೀರು ಶಾಂತ. ದ್ವೀಪವನ್ನು ಬಳಸಿ ಪಡುವಣ ಬದಿಗೆ ಬಂದರೆ ಬೇರೆಯೇ ಲೋಕ: ಬಂಡೆಗೆ ಬಡಿದ ಅಲೆ ಹಿಂದಕ್ಕೆ ಚಿಮ್ಮಿ, ಬರುವ ಅಲೆಗೆ ಡಿಕ್ಕಿ ಹೊಡೆದು, ನೀರು ಇದ್ದಲ್ಲೇ ಕುದಿಯುತ್ತದೆ. ಬಂಡೆಯಿಂದ ದೂರವಿರಿ. ಸೊಂಟ ಸಡಿಲವಾಗಿರಲಿ, ಹುಟ್ಟು ನೀರು ಬಿಡದಿರಲಿ. ನೈರುತ್ಯಕ್ಕೆ ಕಾಣುವುದು ದೇವಗಡ ದ್ವೀಪ, 1864ರಿಂದ ನಾವಿಕರಿಗೆ ದಾರಿ ತೋರಿಸುತ್ತಿರುವ ದೀಪಸ್ತಂಭ ಅದರ ಮೇಲಿದೆ. ಇನ್ನೂ ತೆಂಕಕ್ಕಿರುವ, 1498ರಲ್ಲಿ ವಾಸ್ಕೋ ಡ ಗಾಮ ಲಂಗರು ಹಾಕಿದ್ದ ಅಂಜದೀವ್ ಈಗ ನೌಕಾಪಡೆಯ ವಶದಲ್ಲಿದೆ. ಅತ್ತ ಹೋಗುವಂತಿಲ್ಲ.

ದೇಶದ ಪಡುವಣ ತೀರವನ್ನು ಹೀಗೆ ಉದ್ದಕ್ಕೂ ಕಂಡವರಿದ್ದಾರೆ. ಕೌಸ್ತುಭ ಖಾಡೆ 2016–17ರಲ್ಲಿ ದ್ವಾರಕೆಯಿಂದ ಕನ್ಯಾಕುಮಾರಿಯವರೆಗೆ ಸುಮಾರು 3,000 ಕಿ.ಮೀ. ಕಯಾಕ್ ನಡೆಸಿದರು. ದಡದ ದಾರಿಯಲ್ಲಿ ಶಾಂಜಲಿ ಶಾಹಿ ಸೈಕಲ್ ತುಳಿಯುತ್ತ ಜೊತೆಗಿದ್ದರು. ಕರ್ನಾಟಕದ ಕರಾವಳಿ ಅದರಲ್ಲಿ ಸುಮಾರು 320 ಕಿ.ಮೀ. ಮಾತ್ರ. ಆದರೆ ಇಷ್ಟು ಕಡಿಮೆ ದೂರದಲ್ಲಿ ಇಷ್ಟೊಂದು ಅಳಿವೆಗಳು, ಗುಡ್ಡಗಳು, ದ್ವೀಪಗಳು ಒಟ್ಟಿಗೆ ಇರುವುದೇ ನಮ್ಮ ತೀರದ ಭಾಗ್ಯ.

ಋತು ಮುಖ್ಯ. ಜುಲೈ ತಿಂಗಳ ಮಳೆಗಾಲದ ಗಾಳಿ ಹುಸೇನ್‌ಸಾಗರದಲ್ಲಿ ಹಾಯಿದೋಣಿ ಸ್ಪರ್ಧೆಗಳಿಗೆ ಹಬ್ಬ. ಅದೇ ತಿಂಗಳು ಕಾರವಾರದ ಕಡಲು ಕಯಾಕ್‌ಗೆ ಮುಚ್ಚಿದ ಬಾಗಿಲು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ತಕ್ಕ ಕಾಲ. ಕೆರೆಯಲ್ಲಿ ಕಲಿತ ಹುಟ್ಟುಗಾರಿಕೆ ಇಲ್ಲಿಗೆ ಸಾಲದು. ಮಗುಚಿದ ಕಯಾಕ್‌ಗೆ ನೀರಿನಿಂದಲೇ ಮರಳಿ ಹತ್ತುವುದನ್ನು ಕಲಿತಿರಬೇಕು. ಲೈಫ್ ಜಾಕೆಟ್, ಸೀಟಿ, ನೀರು ನುಗ್ಗದ ಚೀಲದಲ್ಲಿ ಫೋನ್, ಜೊತೆಗೆ ಅನುಭವಿಯೊಬ್ಬರು ಇರಬೇಕು. ಕರಾವಳಿ ಕಾವಲು ಪೊಲೀಸರಿಗೆ ಮುಂಚಿತವಾಗಿ ತಿಳಿಸಿ.

ಎಲ್ಲಕ್ಕಿಂತ ಮೊದಲು ದಂಡೆಯ ಮೀನುಗಾರರನ್ನು ಕೇಳಿ. ರಂಪಣಿ ಬಲೆ ಎಲ್ಲಿ ಬೀಸಿದ್ದಾರೆ, ಇಂದು ಗಾಳಿ ಯಾವಾಗ ತಿರುಗುತ್ತದೆ ಎಂಬುದು ಯಾವ ಮೊಬೈಲಿಗಿಂತಲೂ ಚೆನ್ನಾಗಿ ಅವರಿಗೆ ಗೊತ್ತು. ಈ ಕಡಲು ನಮಗೆ ಆಟ, ಅವರಿಗೆ ಅನ್ನ. ಇಲ್ಲಿ ಕಯಾಕಿಂಗ್ ಬೆಳೆಯುವುದಾದರೆ ಮೀನುಗಾರರ ಮಕ್ಕಳೇ ತರಬೇತಿ ಪಡೆದು ಅದರ ಮಾರ್ಗದರ್ಶಕರಾಗಬೇಕು, ಬರುವ ಹಣ ಅವರ ಮನೆ ಸೇರಬೇಕು. ಹೊರಗಿನಿಂದ ಬರುವ ನಾವು ಮೊದಲ ದಿನದಿಂದಲೇ ಅಂಥ ಮಾರ್ಗದರ್ಶಕರನ್ನೇ ಹುಡುಕಿ ಕಡಲಿಗಿಳಿಯಬೇಕು.