ಮೂವತ್ತೈದರಲ್ಲಿ ಒಂದು ಪಾಲು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಆದೇಶಿಸಿದ್ದಾರೆ. ಗಡಿನಾಡ ಕನ್ನಡದ ಸ್ಥಿತಿಗತಿಯನ್ನೂ ಗುರುಹಿರಿಯರ ತ್ಯಾಗವನ್ನೂ ಕುರಿತು ನನಗಿಂತ ಅಧಿಕಾರಯುತವಾಗಿ ಬರೆಯಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆದುದರಿಂದ ನಾನು ಬಲ್ಲ ಸಣ್ಣ ವಿಷಯವೊಂದನ್ನೇ ಓದುಗರ ಮುಂದಿಡುವುದು ಲೇಸೆಂದು ತಿಳಿದಿದ್ದೇನೆ. ಸೇನೆಯ ವಾಹನ ದುರಸ್ತಿ ಕಾರ್ಯಾಗಾರದಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದ ಮೇಲೆ ನನ್ನ ಬಿಡುವಿನ ವೇಳೆಯನ್ನೆಲ್ಲ ಆವರಿಸಿಕೊಂಡಿರುವ ಹವ್ಯಾಸವೆಂದರೆ ಟ್ಯಾಂಕು ಮತ್ತು ಕವಚವಾಹನಗಳ ಕಿರುಮಾದರಿಗಳನ್ನು ಜೋಡಿಸುವುದು.

"ಏನ್ರೀ ಕಾಕಾ, ಈ ವಯಸ್ಸಿನ್ಯಾಗ ಆಟಿಗಿ ಸಾಮಾನು ಹಿಡಕೊಂಡು ಕುಂತೀರಲ್ಲ?" ಎಂದು ಓಣಿಯ ತರುಣರು ನಗುತ್ತ ಕೇಳುವುದುಂಟು. ಬಾಯಿಬಿಟ್ಟು ಕೇಳದ ಇನ್ನೊಂದು ಪ್ರಶ್ನೆ ಹಿರಿಯರ ಮನಸ್ಸಿನಲ್ಲಿರುತ್ತದೆ. ಮನುಷ್ಯರನ್ನು ಕೊಲ್ಲುವ ಯಂತ್ರವನ್ನು ಅಂದಗೊಳಿಸಿ ಕಪಾಟಿನಲ್ಲಿಡುವುದು ತರವೇ? ಈ ಎರಡು ಪ್ರಶ್ನೆಗಳಿಗೆ ನನಗೆ ತಿಳಿದಮಟ್ಟಿಗೆ ಉತ್ತರ ಹೇಳುವುದೇ ಈ ಬರಹದ ಉದ್ದೇಶ.

ಆಟಿಕೆ ಮತ್ತು ಮಾದರಿ

ಆಟಿಕೆಯು ಮಗುವಿಗೆ ಮೆಚ್ಚುಗೆಯಾದರೆ ಸಾಕು. ಮಾದರಿಯು ಮೂಲವಸ್ತುವಿಗೆ ಉತ್ತರ ಹೇಳಬೇಕು. ಮೂಲದ ಉದ್ದ, ಅಗಲ, ಎತ್ತರ, ಪ್ರತಿಯೊಂದು ಚಕ್ರ, ಪ್ರತಿಯೊಂದು ಬೋಲ್ಟಿನ ತಲೆ, ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿ ಕಿರಿದುಗೊಳಿಸಿದಾಗ ಮಾತ್ರ ಅದು ಮಾದರಿ ಎನಿಸುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಗುರುಗಳು ಕಲಿಸಿದ ಪ್ರಮಾಣದ ಲೆಕ್ಕವೇ ಇಲ್ಲಿನ ಮೊದಲ ಪಾಠ.

ಟ್ಯಾಂಕು ಮೊತ್ತಮೊದಲು ರಣರಂಗಕ್ಕಿಳಿದದ್ದು 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೋಮ್ ಪ್ರದೇಶದಲ್ಲಿ. ಬ್ರಿಟಿಷರು ಅದನ್ನು ಗುಟ್ಟಾಗಿ ತಯಾರಿಸುತ್ತಿದ್ದಾಗ ವೈರಿಗಳಿಗೆ ಸುಳಿವು ಸಿಗದಿರಲೆಂದು ನೀರಿನ ತೊಟ್ಟಿಯೆಂಬ ಅರ್ಥದ ಹೆಸರನ್ನಿಟ್ಟರು. ನಮ್ಮ ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿಗೂ ಯುದ್ಧದ ಟ್ಯಾಂಕಿಗೂ ಒಂದೇ ಹೆಸರು ಬಂದದ್ದು ಹೀಗೆ.

ಕಿರುಮಾದರಿಗಳಿಗೂ ಯುದ್ಧಕ್ಕೂ ನಂಟಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ದೂರದಿಂದಲೇ ತಮ್ಮವರ ವಾಹನವಾವುದು, ಶತ್ರುವಿನದಾವುದು ಎಂದು ಗುರುತಿಸುವ ತರಬೇತಿಗಾಗಿ ಚಿಕ್ಕ ಚಿಕ್ಕ ಮಾದರಿಗಳನ್ನು ಬಳಸುತ್ತಿದ್ದರು. ಅಮೆರಿಕದ ನೌಕಾದಳವು 1942ರಲ್ಲಿ ಐದು ಲಕ್ಷ ವಿಮಾನ ಮಾದರಿಗಳನ್ನು ಮರದಲ್ಲಿ ಕೆತ್ತಿಕೊಡಬೇಕೆಂದು ಶಾಲಾ ವಿದ್ಯಾರ್ಥಿಗಳನ್ನೇ ಕೇಳಿಕೊಂಡಿತು. ಅವುಗಳ ಪ್ರಮಾಣ 1/72. ಆರು ಅಡಿಯ ಮನುಷ್ಯ ಒಂದು ಅಂಗುಲವಾಗುವ ಲೆಕ್ಕವಿದು. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯ ಚಿಕ್ಕ ಟ್ಯಾಂಕುಗಳದು 1/76. ಅಲ್ಲಿನ ಆಟದ ರೈಲುಗಳಲ್ಲಿ ರೂಢಿಯಲ್ಲಿದ್ದ, ಒಂದು ಅಡಿಗೆ ನಾಲ್ಕು ಮಿಲಿಮೀಟರ್ ಎಂಬ ಅಳತೆಯಿಂದ ಬಂದದ್ದು. ಹೀಗೆ ಪ್ರತಿ ಪ್ರಮಾಣಕ್ಕೂ ಒಂದು ಕಾರಣವಿರುತ್ತದೆ. ಆದರೆ ಇಂದು ಟ್ಯಾಂಕಿನ ಮಾದರಿಗಳಲ್ಲಿ ಅತ್ಯಂತ ಪ್ರಚಲಿತವಾಗಿರುವ 1/35ಕ್ಕೆ ಇರುವ ಕಾರಣವನ್ನು ಕೇಳಿದರೆ ಓದುಗರಿಗೆ ಸೋಜಿಗವೆನಿಸಬಹುದು.

ಒಂದು ಮರದ ಮಿಲ್ಲಿನ ಕಥೆ

ಜಪಾನಿನ ಶಿಜುವೊಕಾ ನಗರವು ಮರಗೆಲಸಕ್ಕೆ ಹೆಸರಾದುದು. ಅಲ್ಲಿ ಯೊಷಿಯೊ ತಮಿಯಾ ಎಂಬವರು 1946ರಲ್ಲಿ ಮರ ಕೊಯ್ಯುವ ಉದ್ಯಮವನ್ನು ಆರಂಭಿಸಿದರು. ಕ್ರಮೇಣ ಅವರ ಸಂಸ್ಥೆ ಮರದ ಹಡಗು, ವಿಮಾನಗಳ ಮಾದರಿಗಳನ್ನು ತಯಾರಿಸತೊಡಗಿತು. ಅಮೆರಿಕದಿಂದ ಪ್ಲಾಸ್ಟಿಕ್ ಮಾದರಿಗಳು ಬಂದಿಳಿದಾಗ ಮರದ ಮಾದರಿಗಳನ್ನು ಕೇಳುವವರು ಇಲ್ಲವಾದರು. ಆಗ 1960ರಲ್ಲಿ ಯಮಾಟೊ ಯುದ್ಧನೌಕೆಯ ಮಾದರಿಯೊಂದಿಗೆ ತಮಿಯಾ ಸಂಸ್ಥೆಯೂ ಪ್ಲಾಸ್ಟಿಕ್ಕಿಗೆ ಕೈಯಿಕ್ಕಿತು. ಆ ಮೊದಲ ಯತ್ನ ಲಾಭ ತರಲಿಲ್ಲ. ಯೊಷಿಯೊ ಅವರ ಮಗ ಶುನ್ಸಾಕು ತಮಿಯಾ ಮುಂದಿನ ಯತ್ನಕ್ಕೆ ಜರ್ಮನಿಯ ಪ್ಯಾಂಥರ್ ಟ್ಯಾಂಕನ್ನು ಆರಿಸಿಕೊಂಡರು. 1961ರ ಕೊನೆಯ ಹೊತ್ತಿಗೆ ಸಿದ್ಧವಾದ ಆ ಮಾದರಿಯಲ್ಲಿ ಪುಟ್ಟ ಮೋಟಾರು ಇತ್ತು. ಅದು ನೆಲದ ಮೇಲೆ ತಾನಾಗಿ ಓಡುತ್ತಿತ್ತು. ಜಪಾನಿನ ಮಕ್ಕಳು ಮುಗಿಬಿದ್ದು ಕೊಂಡರು. ಸಂಸ್ಥೆ ನಿಂತಿತು.

ಇತರ ದೇಶಗಳ ಟ್ಯಾಂಕುಗಳನ್ನೂ ಅದೇ ಅಳತೆಯಲ್ಲಿ ಮಾಡಬೇಕೆಂದು ಶುನ್ಸಾಕು ತಮ್ಮ ಪ್ಯಾಂಥರನ್ನು ಅಳೆದು ನೋಡಿದರು. ಅದು ಮೂಲದ ಮೂವತ್ತೈದರಲ್ಲಿ ಒಂದು ಪಾಲಿಗೆ ಸಮೀಪವಾಗಿತ್ತು. ಈ ಗಾತ್ರಕ್ಕೆ ಕಾರಣವಾದದ್ದು ಯಾವ ಶಾಸ್ತ್ರವೂ ಅಲ್ಲ. ಹೊಟ್ಟೆಯಲ್ಲಿ ಎರಡು ಬ್ಯಾಟರಿ ಸೆಲ್ಲುಗಳು ಹಿಡಿಸಬೇಕಾಗಿತ್ತು, ಅಷ್ಟೆ! ಮುಂದೆ 1968ರಲ್ಲಿ ಆರಂಭವಾದ ಅವರ ಮಿಲಿಟರಿ ಮಿನಿಯೇಚರ್ ಸರಣಿಯೂ ಇದೇ ಅಳತೆಯಲ್ಲಿ ಬಂತು. ಇಟಲಿ, ಕೊರಿಯಾ, ತೈವಾನ್, ಚೀನಾ, ರಷ್ಯಾ ದೇಶಗಳ ತಯಾರಕರೂ ಅದನ್ನೇ ಅನುಸರಿಸಿದರು. ಸೆಲ್ಲುಗಳು ಹೊರಟುಹೋದವು, ಅವು ಬಿಟ್ಟುಹೋದ ಅಳತೆ ಮಾತ್ರ ಜಗತ್ತಿನ ಅಳತೆಯಾಗಿ ಉಳಿಯಿತು.

ಶುನ್ಸಾಕು ಅವರ ಶ್ರದ್ಧೆ ಇಲ್ಲಿ ಸ್ಮರಣೀಯ. ಆಕರಗಳು ದುರ್ಲಭವಾಗಿದ್ದ 1960ರ ದಶಕದಲ್ಲಿ ಅವರು ಅಮೆರಿಕದ ಅಬರ್ಡೀನಿನಲ್ಲಿದ್ದ ಸೇನಾ ಸಂಗ್ರಹಾಲಯಕ್ಕೆ ಹೋಗಿ ಅಲ್ಲಿನ ಟ್ಯಾಂಕುಗಳ ಛಾಯಾಚಿತ್ರಗಳನ್ನು ರಾಶಿರಾಶಿಯಾಗಿ ತೆಗೆದರು. ಆ ಹಿರಿಯರು 2025ರ ಜುಲೈಯಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅಚ್ಚಿನಿಂದ ಮೇಜಿಗೆ

ಪೆಟ್ಟಿಗೆಯನ್ನು ತೆರೆದರೆ ಸಿಗುವುದು ಕಿಟಕಿಯ ಚೌಕಟ್ಟಿನಂತಹ ಪ್ಲಾಸ್ಟಿಕ್ ಹಂದರಗಳು. ಪ್ರತಿ ಹಂದರಕ್ಕೂ ಹತ್ತಾರು ಬಿಡಿಭಾಗಗಳು ಬಳ್ಳಿಗೆ ಕಾಯಿ ಕಚ್ಚಿದಂತೆ ಅಂಟಿಕೊಂಡಿರುತ್ತವೆ. ಇವುಗಳನ್ನು ತಯಾರಿಸಲು ಮೊದಲು ಎರಡು ಹೋಳುಗಳ ಉಕ್ಕಿನ ಅಚ್ಚನ್ನು ಕೊರೆಯುತ್ತಾರೆ. ಹೋಳುಗಳನ್ನು ಬಿಗಿಯಾಗಿ ಒತ್ತಿಹಿಡಿದು, ಕಾಯಿಸಿ ಕರಗಿಸಿದ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಭಾರಿ ಒತ್ತಡದಲ್ಲಿ ಒಳಕ್ಕೆ ನುಗ್ಗಿಸುತ್ತಾರೆ. ಅದು ಕೆಲವೇ ಕ್ಷಣಗಳಲ್ಲಿ ಗಟ್ಟಿಯಾಗುತ್ತದೆ. ಅಚ್ಚು ತೆರೆದಾಗ ಉಕ್ಕಿನ ಮೊಳೆಗಳು ಹಿಂದಿನಿಂದ ತಳ್ಳಿ ಹಂದರವನ್ನು ಬಿಡಿಸುತ್ತವೆ. ಅಚ್ಚಿನ ಎರಡು ಹೋಳುಗಳು ಕೂಡಿದ ಕಡೆ ಸಣ್ಣ ಗೆರೆಯೂ ಮೊಳೆ ತಳ್ಳಿದ ಕಡೆ ದುಂಡನೆಯ ಗುರುತೂ ಉಳಿಯುತ್ತವೆ. ಇವನ್ನು ಉಜ್ಜಿ ಅಳಿಸುವುದೇ ಮಾದರಿ ಕಟ್ಟುವವನ ಮೊದಲ ಕೆಲಸ.

ಬಿಡಿಭಾಗವನ್ನು ಕಿತ್ತು ತೆಗೆಯಬಾರದು. ಚೂಪಾದ ಕಟಿಂಗ್ ಪ್ಲೇಯರಿನಿಂದ ತುಸು ದೂರದಲ್ಲಿ ಕತ್ತರಿಸಿ, ಉಳಿದ ಮೊಟಕನ್ನು ಬ್ಲೇಡಿನಿಂದ ಹೆರೆದು, ನಯವಾದ ಪಾಲಿಶ್ ಕಾಗದದಿಂದ ತಿಕ್ಕಬೇಕು. ಇದಕ್ಕೆ ಬಳಸುವ ದ್ರಾವಣವು ನಾವು ಬಲ್ಲ ಗೋಂದಿನಂತಲ್ಲ. ಅದು ಎರಡೂ ಭಾಗಗಳ ಅಂಚನ್ನು ಕರಗಿಸುತ್ತದೆ. ದ್ರಾವಣ ಆವಿಯಾದ ಮೇಲೆ ಎರಡೂ ಬೆಸೆದು ಒಂದೇ ತುಂಡಾಗುತ್ತವೆ. ಅದರ ಆವಿ ದೇಹಕ್ಕೆ ಒಳ್ಳೆಯದಲ್ಲವಾದ್ದರಿಂದ ಕಿಟಕಿಗಳನ್ನು ತೆರೆದಿಟ್ಟೇ ಕೆಲಸಕ್ಕೆ ಕೂರಬೇಕು.

ಬಣ್ಣದ ಕೆಲಸ ಇನ್ನೂ ಸೂಕ್ಷ್ಮವಾದುದು. ಅಸಲಿ ಟ್ಯಾಂಕಿನ ಬಣ್ಣವನ್ನೇ ತಂದು ಕಿರುಮಾದರಿಗೆ ಬಳಿದರೆ ಅದು ಅಸಲಿಗಿಂತ ಕಪ್ಪಾಗಿ ಕಾಣುತ್ತದೆ. ಆದುದರಿಂದ ತುಸು ತಿಳಿಮಾಡಬೇಕು. ಒಣಗಿದ ಮೇಲೆ ತೆಳ್ಳನೆಯ ಗಾಢ ಬಣ್ಣವನ್ನು ಹರಿಯಬಿಟ್ಟರೆ ಅದು ಸಂದುಗಳಲ್ಲಿ ನಿಂತು ನೆರಳಾಗುತ್ತದೆ. ಬಳಿಕ ಬಣ್ಣ ಒರೆಸಿದ, ಬಹುಮಟ್ಟಿಗೆ ಒಣಗಿದ ಕುಂಚವನ್ನು ಸವರಿದರೆ ಅಂಚುಗಳು ಮಾತ್ರ ಬೆಳಕು ಹಿಡಿಯುತ್ತವೆ.

ಕೊನೆಯದಾಗಿ ಧೂಳು. ಇಲ್ಲಿ ಕಾರ್ಯಾಗಾರದ ಅನುಭವ ನನಗೆ ನೆರವಾಗಿದೆ. ಓಡುತ್ತಿರುವ ಟ್ಯಾಂಕಿನ ಚೈನುಪಟ್ಟಿಯಲ್ಲಿ ನೆಲಕ್ಕೆ ತಾಗುವ ಭಾಗ ಬೆಳ್ಳಿಯಂತೆ ಹೊಳೆಯುತ್ತದೆ, ತಾಗದ ಭಾಗ ಕಂದುಗಟ್ಟಿರುತ್ತದೆ. ಹೊಗೆಕೊಳವೆಯ ಸುತ್ತ ತುಕ್ಕೂ ಮಸಿಯೂ ಕೂಡಿರುತ್ತವೆ. ಜವಾನರು ಹತ್ತಿಳಿಯುವ ಜಾಗದಲ್ಲಿ ಬಣ್ಣ ಸವೆದಿರುತ್ತದೆ. ಡೀಸೆಲ್ ತುಂಬುವ ಬಾಯಿಯ ಕೆಳಗೆ ಕಲೆಯಿರುತ್ತದೆ. ಎಲ್ಲೆಂದರಲ್ಲಿ ತುಕ್ಕು ಬಳಿದರೆ ಅದು ಗುಜರಿ ಅಂಗಡಿಯ ಟ್ಯಾಂಕಾಗುತ್ತದೆ. ಎಲ್ಲಿ, ಏತಕ್ಕೆ ಎಂದು ಕೇಳಿಕೊಂಡು ಬಳಿದರೆ ಆ ವಾಹನ ಏನು ಮಾಡುತ್ತಿತ್ತೆಂಬುದು ನೋಡುವವನಿಗೆ ತಿಳಿಯುತ್ತದೆ.

ಕಿರಿದಾಗದ ಸಂಗತಿಗಳು

ಆದರೆ 35 ಎಂಬ ಸಂಖ್ಯೆಗೆ ಎಲ್ಲವೂ ಬಗ್ಗುವುದಿಲ್ಲ. ಭಾರತೀಯ ಸೇನೆಯಲ್ಲಿದ್ದ ಸೆಂಚೂರಿಯನ್ ಟ್ಯಾಂಕನ್ನೇ ತೆಗೆದುಕೊಳ್ಳೋಣ. ತೋಪಿನ ನಳಿಗೆಯನ್ನು ಬಿಟ್ಟು ಅದರ ಒಡಲಿನ ಉದ್ದ ಸುಮಾರು 7.6 ಮೀಟರು, ಮಾದರಿಯಲ್ಲಿ ಅದು 22 ಸೆಂಟಿಮೀಟರಿನಷ್ಟು. ಟರೆಟ್ ಎಂದು ಕರೆಯುವ, ಸುತ್ತ ತಿರುಗುವ ತಲೆಭಾಗದ ಮುಂದಿನ ಉಕ್ಕಿನ ದಪ್ಪ 152 ಮಿಲಿಮೀಟರು. ಮಾದರಿಯಲ್ಲಿ ನಾಲ್ಕಕ್ಕಿಂತ ತುಸು ಹೆಚ್ಚು. ಇಷ್ಟರವರೆಗೆ ಲೆಕ್ಕ ಸರಿ. ಆದರೆ ಮೂರು ಮಿಲಿಮೀಟರ್ ದಪ್ಪದ ತಗಡು ಮಾದರಿಯಲ್ಲಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತೆಳುವಾಗಬೇಕು. ಅಷ್ಟು ತೆಳುವಾಗಿ ಪ್ಲಾಸ್ಟಿಕ್ಕನ್ನು ಎರೆಯಲು ಬಾರದು. ಅದಕ್ಕಾಗಿಯೇ ನುರಿತವರು ಆಮ್ಲದಿಂದ ಕೊರೆದ ಹಿತ್ತಾಳೆಯ ತೆಳು ತಗಡುಗಳನ್ನು ಬಳಸುತ್ತಾರೆ.

ತೂಕದ ಮಾತು ಇನ್ನೂ ವಿಚಿತ್ರ. ಉದ್ದವು 35 ಪಾಲು ಕಿರಿದಾದರೆ ಗಾತ್ರವು 35ರ ಘನದಷ್ಟು, ಅಂದರೆ 42,875 ಪಾಲು ಕಿರಿದಾಗುತ್ತದೆ. ಸುಮಾರು 51 ಟನ್ನಿನ ಸೆಂಚೂರಿಯನ್ನನ್ನು ಅದೇ ಉಕ್ಕಿನಲ್ಲಿ ಈ ಪ್ರಮಾಣಕ್ಕೆ ಇಳಿಸಿದರೂ ತೂಗುವುದು 1.2 ಕಿಲೋಗ್ರಾಮಿನಷ್ಟೇ. ಪ್ಲಾಸ್ಟಿಕ್ ಅದಕ್ಕಿಂತಲೂ ಹಗುರ. ಆದುದರಿಂದ ಟಿ-55ರಂತಹ ಟ್ಯಾಂಕಿನಲ್ಲಿ ತನ್ನ ಭಾರದಿಂದಲೇ ಚಕ್ರಗಳ ಮೇಲೆ ಜೋಲುವ ಚೈನುಪಟ್ಟಿ ಮಾದರಿಯಲ್ಲಿ ಜೋಲುವುದಿಲ್ಲ. ಕೈಯಿಂದ ಒತ್ತಿ ಅಂಟಿಸಿ ಜೋಲಿಸಬೇಕು. ಭಾರವಿಲ್ಲದ ವಸ್ತುವಿಗೆ ಭಾರವಿದ್ದಂತೆ ತೋರಿಸುವುದೇ ಈ ಕಲೆಯ ಅರ್ಧ ಗುಟ್ಟು.

ಇನ್ನು ಕಿರಿದಾಗದ ಮೂರನೆಯ ಸಂಗತಿ ಟ್ಯಾಂಕಿನೊಳಗಿನ ಮನುಷ್ಯ. ಐದೂಮುಕ್ಕಾಲು ಅಡಿಯ ಜವಾನ ಈ ಪ್ರಮಾಣದಲ್ಲಿ ಐದು ಸೆಂಟಿಮೀಟರಿನ ಬೊಂಬೆಯಾಗುತ್ತಾನೆ. ನನ್ನ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ.

1971ರ ಡಿಸೆಂಬರ್ 16ರಂದು ಶಕರಗಢ ವಲಯದ ಬಸಂತರ್ ಕದನದಲ್ಲಿ ಪೂನಾ ಹಾರ್ಸ್ ದಳದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಸೆಂಚೂರಿಯನ್ ಟ್ಯಾಂಕೊಂದರಲ್ಲಿದ್ದರು. ಆ ಟ್ಯಾಂಕಿನ ಹೆಸರು ಫಾಮಗುಸ್ತಾ. ಅದಕ್ಕೆ ಏಟು ಬಿದ್ದು ಬೆಂಕಿ ಹತ್ತಿದಾಗ ಹೊರಬರುವಂತೆ ಮೇಲಧಿಕಾರಿಗಳಿಂದ ಆಜ್ಞೆಯಾಯಿತು. ತೋಪು ಇನ್ನೂ ಕೆಲಸ ಮಾಡುತ್ತಿದ್ದುದರಿಂದ ಅವರು ಟ್ಯಾಂಕನ್ನು ಬಿಡಲೊಪ್ಪದೆ ಹೋರಾಡಿ ಅಲ್ಲಿಯೇ ಮಡಿದರು. ಆಗ ಅವರಿಗೆ 21 ವರ್ಷ. ದೇಶ ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರವನ್ನು ನೀಡಿತು. ಮೂವತ್ತು ವರ್ಷಗಳ ಬಳಿಕ, 2001ರಲ್ಲಿ, ಅವರ ವೃದ್ಧ ತಂದೆ ಬ್ರಿಗೇಡಿಯರ್ ಎಂ. ಎಲ್. ಖೇತ್ರಪಾಲ್ ಪಾಕಿಸ್ತಾನದಲ್ಲಿದ್ದ ತಮ್ಮ ಹುಟ್ಟೂರನ್ನು ನೋಡಲು ಹೋದರು. ಲಾಹೋರಿನಲ್ಲಿ ಅವರನ್ನು ಮನೆಯಲ್ಲಿರಿಸಿಕೊಂಡು ಅತ್ಯಾದರದಿಂದ ಉಪಚರಿಸಿದ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸೆರ್, ಅಂದು ರಣರಂಗದಲ್ಲಿ ಅರುಣರಿಗೆ ಎದುರಾಗಿದ್ದವನು ತಾನೇ ಎಂದು ಆ ತಂದೆಗೆ ತಿಳಿಸಿದರು.

ಇದನ್ನು ತಿಳಿದ ಮೇಲೆ ಸೆಂಚೂರಿಯನ್ನಿನ ಮಾದರಿಯನ್ನು ಮೊದಲಿನಂತೆ ನೋಡಲಾಗುವುದಿಲ್ಲ. ಟರೆಟ್ಟಿನ ಮೇಲಿನ ಮುಚ್ಚಳವನ್ನು ಅಂಟಿಸುವಾಗ, ಮನುಷ್ಯನೊಬ್ಬ ತೂರಿ ಹೊರಬರಬೇಕಾದ ಬಾಗಿಲು ಇಷ್ಟೇ ಅಗಲವೇ ಎಂದು ಕೈ ತಡೆಯುತ್ತದೆ. ಒಳಗೆ ನಾಲ್ಕು ಜನ ಎಲ್ಲಿ ಕೂರುತ್ತಿದ್ದರು, ಬೆಂಕಿ ಹತ್ತಿದರೆ ಯಾರು ಮೊದಲು ಹೊರಬರಬಹುದಿತ್ತು, ಯಾರಿಗೆ ದಾರಿಯಿರಲಿಲ್ಲ ಎಂಬುದನ್ನು ಮಾದರಿಯು ಮೇಜಿನ ಮೇಲೆಯೇ ತೋರಿಸುತ್ತದೆ. ಯುದ್ಧದ ಸಿನಿಮಾಗಳು ಇದನ್ನು ಮರೆಸುತ್ತವೆ. ನಿಷ್ಠೆಯಿಂದ ಕಟ್ಟಿದ ಮಾದರಿ ಮರೆಯಗೊಡುವುದಿಲ್ಲ. ಹಾಗಾಗಿ ಇದನ್ನು ಯುದ್ಧದ ವೈಭವೀಕರಣವೆಂದು ನಾನು ಒಪ್ಪಲಾರೆ. ಕಣ್ಣು ಮುಚ್ಚದೆ ನೋಡುವ ಒಂದು ಕ್ರಮವೆಂದೇ ನಂಬಿದ್ದೇನೆ.

ನಮ್ಮ ಶಾಲೆಗೊಂದು ಸೂಚನೆ

ನಮ್ಮ ಅಕ್ಕಲಕೋಟ, ಸೊಲ್ಲಾಪುರ ಸೀಮೆಯವರಿಗೆ ಒಂದು ಅನುಕೂಲವಿದೆ. ನಮ್ಮ ಮಹಾರಾಷ್ಟ್ರದಲ್ಲೇ, ಇಂದು ಅಹಿಲ್ಯಾನಗರವೆನಿಸಿರುವ ಅಹಮದ್‌ನಗರದಲ್ಲಿ, 1994ರಲ್ಲಿ ಆರಂಭವಾದ ಟ್ಯಾಂಕುಗಳ ಸಂಗ್ರಹಾಲಯವಿದೆ. ಬ್ರಿಟನ್ನಿನ ಮಟಿಲ್ಡಾ, ವ್ಯಾಲಂಟೈನ್, ಚರ್ಚಿಲ್, ಅಮೆರಿಕದ ಶರ್ಮನ್, ನಮ್ಮ ಆವಡಿಯಲ್ಲಿ ತಯಾರಾದ ವಿಜಯಂತ ಮೊದಲಾದವನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ವಿದ್ಯಾರ್ಥಿಗಳ ಪ್ರವಾಸಕ್ಕೆ ಇದೊಂದು ಯೋಗ್ಯ ಸ್ಥಳ.

ವಿದೇಶದ ಕಿಟ್ಟುಗಳು ಬೆಲೆಯುಳ್ಳವು. ಎಲ್ಲ ಮಕ್ಕಳಿಗೂ ಎಟುಕುವಂತಹವಲ್ಲ. ಅದರಿಂದ ಎದೆಗುಂದಬೇಕಾಗಿಲ್ಲ. ಒಂದು ಅಳತೆಪಟ್ಟಿ, ರಟ್ಟು, ಅಂಟು, ಕತ್ತರಿ ಇದ್ದರೆ ಏಳನೆಯ ಇಯತ್ತೆಯ ಹುಡುಗಿಯೂ 35ರ ಭಾಗಾಕಾರ ಮಾಡಿ ಮಾದರಿಯನ್ನು ಕಟ್ಟಬಲ್ಲಳು. ಟ್ಯಾಂಕೇ ಆಗಬೇಕೆಂದೇನೂ ಇಲ್ಲ. ನಮ್ಮ ಎತ್ತಿನ ಬಂಡಿಯನ್ನು ಅಳೆದು ಕಟ್ಟಿದರೂ ಕಲಿಯುವ ಪಾಠ ಅದೇ. ಇದು ಗಣಿತ, ಚಿತ್ರಕಲೆ, ಇತಿಹಾಸ ಮೂರೂ ಒಂದೇ ಮೇಜಿನಲ್ಲಿ ಕೂಡುವ ವಿದ್ಯೆ.

ಸುವರ್ಣ ಮಹೋತ್ಸವದ ಕಾಣಿಕೆಯಾಗಿ ನಾನು ಕಟ್ಟಿದ ಸೆಂಚೂರಿಯನ್ ಮಾದರಿಯೊಂದನ್ನು ಶಾಲೆಯ ವಿಜ್ಞಾನ ಕೊಠಡಿಗೆ ಒಪ್ಪಿಸಬೇಕೆಂದಿದ್ದೇನೆ. ಅದರ ಜೊತೆಗಿಡುವ ಫಲಕವನ್ನು ವಿದ್ಯಾರ್ಥಿಗಳೇ ಕನ್ನಡದಲ್ಲಿ ಬರೆಯಲಿ ಎಂಬುದು ನನ್ನ ಕೋರಿಕೆ. ಅದರಲ್ಲಿ ಉದ್ದ, ತೂಕ, ಪ್ರಮಾಣಗಳ ಜೊತೆಗೆ ಇನ್ನೊಂದು ಸಾಲು ಇರಬೇಕು: ಈ ವಾಹನದೊಳಗೆ ನಾಲ್ವರು ಕುಳಿತುಕೊಳ್ಳುತ್ತಿದ್ದರು.