ಮನ್ರೋ ಬೀದಿಯ ಆನಿ

1892ರ ಜನವರಿ 1. ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪದಲ್ಲಿ ವಲಸಿಗರಿಗಾಗಿ ಕಟ್ಟಿದ ಮರದ ಕಟ್ಟಡ ಅಂದೇ ಬಾಗಿಲು ತೆರೆದಿದೆ. ಬಣ್ಣದ ಪತಾಕೆ ಕಟ್ಟಿಕೊಂಡ ದೋಣಿಯೊಂದು ಗಂಟೆ, ಸಿಳ್ಳೆಗಳ ಗದ್ದಲದ ನಡುವೆ ದಡ ಮುಟ್ಟುತ್ತದೆ. ಮೊದಲು ಇಳಿಯುವವಳು ಆನಿ ಮೂರ್, ಐರ್ಲೆಂಡಿನ ಕಾರ್ಕ್ ಕಡೆಯ 17ರ ಹುಡುಗಿ. ಜೊತೆಗೆ ತಮ್ಮಂದಿರಾದ ಆಂಥೊನಿ, ಫಿಲಿಪ್. ಕ್ವೀನ್ಸ್‌ಟೌನಿನಲ್ಲಿ ‘ನೆವಾಡಾ’ ಹಡಗು ಹತ್ತಿ, ಡಿಸೆಂಬರಿನ ಅಟ್ಲಾಂಟಿಕ್ ದಾಟಿ, ಮೊದಲೇ ಬಂದು ನೆಲೆಸಿದ್ದ ಅಪ್ಪ ಅಮ್ಮನನ್ನು ಸೇರಲು ಬಂದವರು ಇವರು. ವಲಸೆ ಅಧಿಕಾರಿ ಜಾನ್ ವೆಬರ್ ಆಕೆಯ ಕೈಗೆ 10 ಡಾಲರ್‌ನ ಚಿನ್ನದ ನಾಣ್ಯ ಇಡುತ್ತಾರೆ. ಪತ್ರಿಕೆಗಳು ಹೆಸರು ಬರೆದುಕೊಳ್ಳುತ್ತವೆ. ಆಮೇಲೆ ಆನಿ ಮಹಾನಗರದ ಜನಜಂಗುಳಿಯಲ್ಲಿ ಕರಗಿಹೋಗುತ್ತಾಳೆ.

ಆಕೆಯ ಮುಂದಿನ ಬದುಕಿಗೆ ಒಂದು ಸೊಗಸಾದ ಕಥೆ ಅಂಟಿಕೊಂಡಿತು. ಆನಿ ಪಶ್ಚಿಮಕ್ಕೆ ಹೋದಳು, ಟೆಕ್ಸಾಸ್‌ನಲ್ಲಿ ಸಂಸಾರ ಹೂಡಿದಳು, 1923ರಲ್ಲಿ ಟ್ರಾಮ್ ಬಡಿದು ಸತ್ತಳು ಎಂದು ದಶಕಗಳ ಕಾಲ ಜನ ನಂಬಿದರು. ಆದರೆ ವಂಶಾವಳಿ ಸಂಶೋಧಕಿ ಮೇಗನ್ ಸ್ಮೊಲೆನ್ಯಾಕ್ ಜನಗಣತಿಯ ಹಾಳೆಗಳನ್ನು ತೆರೆದಾಗ, ಟೆಕ್ಸಾಸಿನ ಆನಿ ಹುಟ್ಟಿದ್ದು ಅಮೆರಿಕದ ಇಲಿನಾಯ್‌ನಲ್ಲೇ ಎಂದು ತಿಳಿಯಿತು. ಹಾಗಾದರೆ ಕಾರ್ಕ್‌ನ ಹುಡುಗಿ ಎಲ್ಲಿ ಹೋದಳು? 2006ರಲ್ಲಿ ಮೇಗನ್ ಸುಳಿವು ಕೊಟ್ಟವರಿಗೆ 1,000 ಡಾಲರ್ ಬಹುಮಾನ ಸಾರಿದರು. ನ್ಯೂಯಾರ್ಕ್ ನಗರದ ದಾಖಲೆ ಇಲಾಖೆಯ ಮುಖ್ಯಸ್ಥ ಬ್ರಯಾನ್ ಆಂಡರ್ಸನ್ ಕೈಗೆ ತಮ್ಮ ಫಿಲಿಪ್‌ನ ಪೌರತ್ವದ ಕಾಗದ ಸಿಕ್ಕಿತು. ಅಕ್ಕನ ಜಾಡು ತೋರಿಸಿದ್ದು ತಮ್ಮನ ಹೆಸರು.

ಆನಿ ಎಲ್ಲಿಗೂ ಹೋಗಿರಲಿಲ್ಲ. ಅಪ್ಪ ಅಮ್ಮನ ಮನೆಯಿದ್ದ ಮನ್ರೋ ಬೀದಿಯ ಆಸುಪಾಸಿನಲ್ಲೇ, ಲೋಯರ್ ಈಸ್ಟ್ ಸೈಡಿನ ಬಡವರ ಕೇರಿಯಲ್ಲೇ ಬಾಳಿದ್ದಳು. ಮನೆಯ ಮೇಲೆ ಮನೆ ಪೇರಿಸಿದ ಇಟ್ಟಿಗೆ ಕಟ್ಟಡಗಳು, ಗಾಳಿ ಬೆಳಕಿಲ್ಲದ ಕೋಣೆಗಳು, ಕೈಗೂಸುಗಳನ್ನು ಒಯ್ಯುವ ರೋಗಗಳು. 1895ರಲ್ಲಿ ಜರ್ಮನ್ ಮೂಲದ ಜೋಸೆಫ್ ಶೇಯರ್‌ನನ್ನು ಮದುವೆಯಾದಳು. ಹೆತ್ತ ಮಕ್ಕಳಲ್ಲಿ ಹಲವರನ್ನು ಎಳವೆಯಲ್ಲೇ ಮಣ್ಣಿಗಿಟ್ಟಳು. 1924ರಲ್ಲಿ, 50ರ ವಯಸ್ಸಿನಲ್ಲಿ ಹೃದಯ ನಿಂತು ತೀರಿಕೊಂಡಳು. ಕ್ವೀನ್ಸ್‌ನ ಕ್ಯಾಲ್ವರಿ ಸ್ಮಶಾನದಲ್ಲಿ ಆಕೆಯ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. 2008ರಲ್ಲಿ ಐರ್ಲೆಂಡಿನ ಸುಣ್ಣಕಲ್ಲಿನಲ್ಲಿ ಕೆತ್ತಿದ ಶಿಲುಬೆ ಅಲ್ಲಿ ನಿಂತಿತು.

ಟೆಕ್ಸಾಸಿನ ಕಥೆಯಲ್ಲಿ ಸಾಹಸದ ಹೊಳಪಿತ್ತು. ಕಾಗದಗಳು ತೋರಿಸಿದ್ದು ಬಡತನ, ಸಾವು, ಬಿಡದ ದುಡಿಮೆ. ಆದರೂ ನನಗೆ ಈ ಎರಡನೆಯ ಆನಿಯೇ ದೊಡ್ಡವಳು. ಐರ್ಲೆಂಡಿನಿಂದ, ಜರ್ಮನಿಯಿಂದ, ಇಟಲಿಯಿಂದ ಬಂದ ಲಕ್ಷಾಂತರ ಜನರ ಪಾಲಿಗೆ ಅಮೆರಿಕ ಎಂದರೆ ಇಂಥ ಕೇರಿಯೇ ಆಗಿತ್ತು. ಆಕೆಯ ಮರಿಮಕ್ಕಳ ಪೀಳಿಗೆಗೆ ಬರುವಾಗ ಮನೆತನದಲ್ಲಿ ಇಟಾಲಿಯನ್, ಯಹೂದಿ, ಸ್ಕ್ಯಾಂಡಿನೇವಿಯನ್ ಹೆಸರುಗಳೂ ಬೆರೆತಿದ್ದವು. ಹಿರಿಯರ ಜಾಡು ಹಿಡಿದು ಹೊರಟವರು ವೀರಗಾಥೆಯನ್ನು ಬದಿಗಿಟ್ಟು ಒಡಹುಟ್ಟಿದವರ ಕಾಗದ, ಮದುವೆಯ ದಾಖಲೆ, ಮರಣಪತ್ರಗಳನ್ನು ತಾಳ್ಮೆಯಿಂದ ಓದಬೇಕು. ಬಡವರು ಚರಿತ್ರೆಯಲ್ಲಿ ತಮ್ಮ ಹೆಸರು ಬಿಟ್ಟುಹೋಗಿರುವುದು ಅಲ್ಲಿಯೇ.